ಪೋಂ ಪೋಂ ಅಂದರೆ ಹುಣಸೆ ಮರ

"ಹೊಗೆ ಬಂದ್ರೆ ಏನ್ ಮಾಡ್ಬೇಕು?" ಎಂದು ಕೇಳಿದೆ.

"ತಟ್ಟೆ ತಗೋಬೇಕು!" ಎಂದು ಮಕ್ಕಳೆಲ್ಲ ಒಟ್ಟಿಗೆ ಕೂಗಿದವು.

ಅವು ಹೇಳಿದ್ದು ತಪ್ಪೆನ್ನುವಂತಿರಲಿಲ್ಲ. ಪಟ್ಟಂದೂರು ಅಗ್ರಹಾರದ ಆ ಶಿಶುಪಾಲನಾ ಕೇಂದ್ರ ಇದ್ದದ್ದು ಒಂದು ಮೆಸ್ಸಿನ ಮೇಲಿನ ಮಹಡಿಯಲ್ಲಿ. ಕೆಳಗೆ ಒಗ್ಗರಣೆಗೆ ಮೆಣಸಿನಕಾಯಿ ಬಿದ್ದ ಕೂಡಲೇ ಹಿಂದಿನ ಕಿಟಕಿಯಿಂದ ಘಾಟು ಒಳಗೆ ನುಗ್ಗುತ್ತಿತ್ತು, ಮಕ್ಕಳು ಕೆಮ್ಮುತ್ತಲೇ ಸಾಲಾಗಿ ಕೂರುತ್ತಿದ್ದವು, ಊಟ ಬರುತ್ತಿತ್ತು. ಅವುಗಳ ಲೋಕದಲ್ಲಿ ಹೊಗೆ ಎಂದರೆ ಅನ್ನ. ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ಸಾಕ್ಷ್ಯ ಎಲ್ಲಿ, ಸಾಕ್ಷ್ಯ ಎಲ್ಲಿ ಎಂದು ಎದುರಿನವರನ್ನು ಕಾಡಿದವಳು ನಾನು. ಈಗ ಮಕ್ಕಳ ಬಳಿ ದಿನವೂ ಸಿಗುವ ಸಾಕ್ಷ್ಯವಿತ್ತು; ನನ್ನ ಕೈಯಲ್ಲಿದ್ದದ್ದು ಜ್ವಾಲೆಗೆ ಕಣ್ಣು ಮೂಗು ಬರೆದ ಒಂದು ಬಣ್ಣದ ಚಾರ್ಟು.

"ಮಡಚಿಡು ಗುರು ಅದನ್ನ," ಎಂದು ಜೊತೆಗಾರ ಪಿಸುಗುಟ್ಟಿದ. "ಆಟ ಶುರು ಮಾಡೋಣ."

ನಾವಿಬ್ಬರೂ ಒಂದು ಸಣ್ಣ ಸಂಸ್ಥೆಯವರು. ಟೆಕ್ ಪಾರ್ಕುಗಳ ಬೆನ್ನಿಗೆ ಅಂಟಿಕೊಂಡಿರುವ ಬಾಡಿಗೆ ಮನೆಗಳ ಓಣಿಗಳಲ್ಲಿ, ತಾಯಂದಿರು ಕೆಲಸಕ್ಕೆ ಹೋದಾಗ ಪುಟ್ಟ ಮಕ್ಕಳು ಉಳಿಯುವ ಇಂಥ ಕೇಂದ್ರಗಳಿಗೆ ಹೋಗಿ, ಬೆಂಕಿ ಬಿದ್ದರೆ, ದಾರಿ ತಪ್ಪಿದರೆ ಏನು ಮಾಡಬೇಕೆಂದು ಆಟವಾಡಿಸುತ್ತ ಕಲಿಸುವುದು ನಮ್ಮ ಕೆಲಸ. ಜೊತೆಗಾರ ಬೀದಿ ನಾಟಕದಿಂದ ಬಂದವನು. ಆಡಿಸಿದರೆ ಕಲ್ಲೂ ಕಲಿಯುತ್ತದೆ ಎಂದು ನಂಬಿದವನು. ನನಗೆ ಆ ನಂಬಿಕೆ ಇರಲಿಲ್ಲ. ಮಕ್ಕಳು ನಕ್ಕವು ಎಂದ ಮಾತ್ರಕ್ಕೆ ಕಲಿತವು ಎಂದು ಹೇಗೆ ಹೇಳುವುದು? ಇದನ್ನು ಬಸ್ಸಿನಲ್ಲಿ, ಟೀ ಅಂಗಡಿಯಲ್ಲಿ, ಅವನು ಊಟದ ಡಬ್ಬಿ ತೆರೆದಾಗ, ಎಲ್ಲ ಕಡೆಯೂ ಕೇಳುತ್ತಿದ್ದೆ. "ನಿನ್ ಬಾಯಿ ಮುಚ್ಸೋರು ಮನೇಲಿ ಯಾರೂ ಇಲ್ವಾ?" ಎಂದು ಅವನು ಒಮ್ಮೆ ತಮಾಷೆಗೆ ಕೇಳಿ, ಆಮೇಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡಿದ್ದ.

ಮುಚ್ಚಿಸುವವಳು ಒಬ್ಬಳಿದ್ದಳು. ಅಮ್ಮ. ಕುಂದಲಹಳ್ಳಿಯ ನಮ್ಮ ಮನೆಯಲ್ಲಿ ನಾನು ಏನು ಹೇಳಿದರೂ ಅವಳದು ಒಂದೇ ಪ್ರಶ್ನೆ: "ಅದೆಂಗೆ?" ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ದಿನವಿಡೀ ಕಾಲರು ಹೊಲಿದು ಬಂದು, ಅನ್ನಕ್ಕೆ ನೀರಿಟ್ಟು, ನನ್ನ ಮಾತಿನ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚುತ್ತಿದ್ದಳು. ಅವಳು ತೀರಿಹೋಗಿ ವರ್ಷದ ಮೇಲಾಗಿತ್ತು. ಈಗ ಮನೆಯಲ್ಲಿ ನಾನು ಹೇಳಿದ್ದೆಲ್ಲ ಸರಿಯಾಗಿಬಿಡುತ್ತಿತ್ತು. ಅಪ್ಪ "ಹೂಂ" ಎನ್ನುತ್ತಿದ್ದರು, ಅಷ್ಟೆ.

ಬೆಂಕಿಯ ಪಾಠಕ್ಕೂ ಮುಂಚೆ, ಮೊದಲ ವಾರ ನಾವು ಕಲಿಸಿದ್ದು ಕಂಬದ ಆಟ. ಸಂತೆಯಲ್ಲೋ ಬಸ್ ನಿಲ್ದಾಣದಲ್ಲೋ ಮನೆಯವರ ಕೈ ತಪ್ಪಿದರೆ ಹುಡುಕುತ್ತ ಅಲೆಯಬಾರದು. ಹತ್ತಿರದ ಕಂಬವನ್ನೋ ಮರವನ್ನೋ ಅಪ್ಪಿಕೊಂಡು ನಿಂತುಬಿಡಬೇಕು, ಅವರೇ ಬಂದು ಹುಡುಕುತ್ತಾರೆ. ಜೊತೆಗಾರ ಮೀಸೆ ಅಂಟಿಸಿಕೊಂಡು "ಬಾ ಪುಟ್ಟಿ, ಐಸ್‌ಕ್ರೀಮ್ ಕೊಡಿಸ್ತೀನಿ" ಎಂದು ಕರೆಯುತ್ತ ಸುತ್ತುವುದು, ಮಕ್ಕಳು ಕಂಬ ಬಿಡದೆ "ಇಲ್ಲಾ!" ಎಂದು ಕಿರುಚುವುದು. ಆ ಆಟದಲ್ಲಿ ಎಲ್ಲರನ್ನೂ ಸೋಲಿಸಿದವಳು ಕೆಂಪು ಕ್ಲಿಪ್ಪಿನ ಒಬ್ಬ ಹುಡುಗಿ. ನಾಲ್ಕು ವರ್ಷ ಇರಬಹುದು. ಉಳಿದವು ಐಸ್‌ಕ್ರೀಮಿನ ಮಾತಿಗೆ ಒಮ್ಮೆಯಾದರೂ ಕಂಬ ಬಿಟ್ಟವು. ಅವಳು ಬಿಡಲಿಲ್ಲ. ಆಟ ಮುಗಿಯಿತೆಂದರೂ ಬಿಡಲಿಲ್ಲ. ನಾವಿಬ್ಬರೂ ಚಪ್ಪಾಳೆ ತಟ್ಟಿದೆವು.

ಆಮೇಲೆ ಬೆಂಕಿಯ ಪಾಠ. ಹೊಗೆ ಊಟದ ಸೂಚನೆಯಾದ್ದರಿಂದ ಹೊರಡಬೇಕಾದಾಗ ಬೇರೆಯೇ ಒಂದು ಸದ್ದು ಬೇಕಿತ್ತು. ತಟ್ಟೆಗೆ ಸೌಟಿನಿಂದ ಬಡಿದೆವು; ಮಕ್ಕಳು ಮತ್ತೆ ಊಟಕ್ಕೆ ಕೂತವು. ಕೇಂದ್ರದ ಟೀಚರು ತಮ್ಮ ಮನೆಯ ಜಾಗಟೆ ತಂದರು. ಅವರು ಆ ಊರಿನ ಹಳೆಯ ಕುಟುಂಬದವರು, ಕಟ್ಟಡವೂ ಅವರ ಮನೆತನದ್ದೇ. ಜಾಗಟೆ ಬಾರಿಸಿದರೆ ಮಕ್ಕಳು ಕೈಮುಗಿದು ಕಣ್ಣುಮುಚ್ಚಿ ನಿಂತವು.

"ಬೆಂಕಿ ಬಿದ್ದಾಗ ಇಂಗೆ ನಿಂತ್ರೆ ನೇರ ದೇವರತ್ರಕ್ಕೇ ಓಗ್ತವೆ ಕಣವ್ವಾ," ಎಂದು ಟೀಚರೇ ನಕ್ಕು ಜಾಗಟೆಯನ್ನು ಚೀಲಕ್ಕೆ ಹಾಕಿಕೊಂಡರು.

ಕೊನೆಗೆ ಜೊತೆಗಾರ ಎಲ್ಲಿಂದಲೋ ಹಳೆಯ ಆಟೋದ ರಬ್ಬರ್ ಹಾರನ್ ತಂದ. ಪೋಂ ಪೋಂ. ಈ ಸದ್ದಿಗೆ ಮಕ್ಕಳ ತಲೆಯಲ್ಲಿ ಹಿಂದಿನ ಅರ್ಥ ಯಾವುದೂ ಇರಲಿಲ್ಲ. ಪೋಂ ಪೋಂ ಅಂದರೆ ಆಮೆಯಾಗಬೇಕು: ಹೊಗೆ ಮೇಲಕ್ಕೇರುತ್ತದೆ, ಉಸಿರಾಡುವ ಗಾಳಿ ನೆಲದ ಹತ್ತಿರ ಉಳಿದಿರುತ್ತದೆ, ಆದ್ದರಿಂದ ಅಂಬೆಗಾಲಿನಲ್ಲಿ ಬಾಗಿಲಿನವರೆಗೆ. ಬಾಗಿಲಿನಲ್ಲಿ ಕುಣಿಕೆಗಳಿರುವ ಉದ್ದ ಹಗ್ಗ ತೂಗುಹಾಕಿದ್ದೆವು. ಒಂದೊಂದು ಕುಣಿಕೆಗೆ ಒಂದೊಂದು ಮಗು ಕೈಹಾಕಿದರೆ ಆಮೆಗಳೆಲ್ಲ ರೈಲಾಗುತ್ತವೆ. ಟೀಚರು ಇಂಜಿನ್. ಮೆಟ್ಟಿಲು ಕಟ್ಟಡದ ಹೊರಗಿನಿಂದ, ಒಲೆಯಿದ್ದ ಹಿಂಬದಿಯಿಂದ ದೂರವಾಗಿ ಇತ್ತು. ಗೋಡೆ ಸವರಿಕೊಂಡು ಇಳಿದು, ಕಾಂಪೌಂಡಿನ ಮೂಲೆಯ ಹುಣಸೆ ಮರ ಮುಟ್ಟಿದರೆ ನಿಲ್ದಾಣ. ಅಲ್ಲಿ ತಲೆ ಎಣಿಕೆ.

ಮೊದಲ ಪೂರ್ಣ ಡ್ರಿಲ್ಲಿನಲ್ಲಿ ರೈಲು ಚೆನ್ನಾಗಿಯೇ ಹೊರಟಿತು. ಮರದ ಕೆಳಗೆ ಎಣಿಸಿದಾಗ ಒಂದು ತಲೆ ಕಡಿಮೆ.

ಮೇಲೆ ಓಡಿದೆ. ಕೆಂಪು ಕ್ಲಿಪ್ಪಿನ ಹುಡುಗಿ ತನ್ನ ಚಾಪೆಯ ಮೇಲೆ, ಬೆನ್ನು ನೆಟ್ಟಗೆ ಮಾಡಿ, ಕೂತಿದ್ದಳು.

"ಹಾರನ್ ಕೇಳಿಸ್ಲಿಲ್ವಾ?"

"ಕೇಳಿಸ್ತು."

"ಮತ್ತೆ?"

"ಅವ್ವ ಬರ್ತಾಳ."

ಅವಳ ತಾಯಿ ಯಾದಗಿರಿ ಕಡೆಯಿಂದ ಬಂದವರು, ಪಕ್ಕದ ಟೆಕ್ ಪಾರ್ಕಿನಲ್ಲಿ ಹೌಸ್‌ಕೀಪಿಂಗ್. ಪ್ರತಿ ಬೆಳಿಗ್ಗೆ ಮಗಳನ್ನು ಅದೇ ಚಾಪೆಯ ಮೇಲೆ ಕೂರಿಸಿ "ನಾ ಬರೂತನಕ ಇಲ್ಲಿಂದ ಅಲ್ಲಾಡಬ್ಯಾಡ" ಎಂದು ಹೇಳಿ ಹೋಗುತ್ತಿದ್ದರು ಎಂದು ಟೀಚರು ತಿಳಿಸಿದರು. ಒಂದಕ್ಕೆ ಹೋಗುವುದಾದರೂ ಚಾಪೆ ಕಾಣುವಂತೆ ಬಾಗಿಲು ತೆರೆದೇ ಇಡಬೇಕಂತೆ.

ಮುಂದಿನ ಸಲ ಟೀಚರು ಅವಳನ್ನು ಎತ್ತಿಕೊಳ್ಳಲು ನೋಡಿದರು. ಹುಡುಗಿ ಕಿಟಕಿಯ ಸರಳು ಹಿಡಿದಳು. ಕಂಬದ ಆಟದಲ್ಲಿ ನಾವೇ ಕಲಿಸಿದ ಹಿಡಿತ. ಒಂದೊಂದೇ ಬೆರಳು ಬಿಡಿಸಬೇಕು, ಬಿಡಿಸಿದ್ದು ಮತ್ತೆ ಹಿಡಿಯುತ್ತದೆ. ಅಷ್ಟರಲ್ಲಿ ಇಂಜಿನ್ ಇಲ್ಲದ ರೈಲು ಮೆಟ್ಟಿಲ ತುದಿಯಲ್ಲಿ ಗೋಜಲಾಗಿ, ಹಿಂದಿನದು ಮುಂದಿನದನ್ನು ತಳ್ಳಲು ಶುರುಮಾಡಿತು. ನಾನು ಹೋಗಿ ತಡೆದೆ.

ಅವತ್ತು ಟೀಚರು ನಗಲಿಲ್ಲ. "ನೋಡವ್ವಾ, ನೀವಿಬ್ರೂ ಇವತ್ತಿದ್ದೀರ, ನಾಳೆ ಬ್ಯಾರೆ ಕಡೀಕೆ ಓಗ್ತೀರ. ನಾನೊಬ್ಳೇ. ನಿಜವಾಗ್ಲೂ ಬೆಂಕಿ ಬಿದ್ರೆ ಇವಳ ಬೆರಳು ಬಿಡಿಸ್ತಾ ಕೂರ್ಲಾ, ಉಳಿದೋರ್ನ ಇಳಿಸ್ಲಾ? ನೀನೇ ಹೇಳು, ಚೆನ್ನಾಗಿ ಮಾತಾಡ್ತೀಯಲ್ಲ."

ಆ ಪ್ರಶ್ನೆಯ ಒಂದು ತುದಿಯಲ್ಲಿ ಉಳಿದ ಮಕ್ಕಳೆಲ್ಲ ಇದ್ದವು, ಇನ್ನೊಂದು ತುದಿಯಲ್ಲಿ ಚಾಪೆಯ ಮೇಲೆ ಕೂತ ಹುಡುಗಿ.

ಸರಿ, ವಾದಿಸಿ ನೋಡೋಣ ಎಂದು ಅವಳ ಎದುರು ಕೂತೆ. ಇದು ಹಾಸ್ಯಾಸ್ಪದ ಎಂದು ಗೊತ್ತಿತ್ತು. ಆದರೆ ನನಗೆ ಬರುವ ವಿದ್ಯೆ ಅದೊಂದೇ.

"ಹೊಗೆ ಬಂತು. ಎಲ್ರೂ ಹೋದ್ರು. ನೀನೊಬ್ಳೇ ಇದೀಯ. ಆವಾಗ?"

"ಅವ್ವ ಬರ್ತಾಳ."

"ಹೊಗೆ ಬಂದಿರೋದು ಅವ್ವಂಗೆ ಗೊತ್ತೇ ಇಲ್ವಲ್ಲ?"

"ಗೊತ್ತಾಗ್ತದ."

"ಅದೆಂಗೆ?" ಎಂದೆ. ಬಾಯಿಂದ ಬಿದ್ದ ಮೇಲೆ, ಅದು ಯಾರ ದನಿ ಎಂದು ಹೊಳೆಯಿತು.

ಹುಡುಗಿ ನನ್ನನ್ನು ಸ್ವಲ್ಪ ಮರುಕದಿಂದ ನೋಡಿದಳು. "ಆಕಿ ನಮ್ಮವ್ವ," ಎಂದಳು.

ಇದಕ್ಕೆ ಪ್ರತಿವಾದ ಯಾವ ತರಬೇತಿಯಲ್ಲೂ ಇಲ್ಲ.

ಬಸ್ ನಿಲ್ದಾಣದಲ್ಲಿ ಜೊತೆಗಾರನ ಮೇಲೆ ರೇಗಿದೆ. ದಾರಿ ತಪ್ಪಿದರೆ ಅಲ್ಲಾಡಬೇಡ ಎಂದು ಒಂದು ವಾರ, ಬೆಂಕಿ ಬಿದ್ದರೆ ಓಡು ಎಂದು ಇನ್ನೊಂದು ವಾರ. ಎರಡೂ ಸಕ್ಕತ್ ಆಟ, ಎರಡಕ್ಕೂ ಚಪ್ಪಾಳೆ. ಎರಡು ಒಟ್ಟಿಗೆ ಬಂದರೆ ಯಾವುದು ಗೆಲ್ಲಬೇಕು ಎಂದು ನಾವು ಯೋಚಿಸಿಯೇ ಇರಲಿಲ್ಲ.

"ಬೇರೆ ಮಕ್ಕಳಿಗೆ ಗೊಂದಲ ಆಗಿಲ್ವಲ್ಲ ಮಗಾ," ಎಂದ.

"ಬೇರೆ ಮಕ್ಕಳು ನಮ್ಮ ಪಾಠನ ಅಷ್ಟು ಸೀರಿಯಸ್ಸಾಗಿ ತಗೊಂಡಿಲ್ಲ, ಅದಕ್ಕೆ. ಒಬ್ಬಳೇ ಒಬ್ಬಳು ನಂಬಿದ್ಲು. ಅವಳೇ ಸಿಕ್ಕಾಕ್ಕೊಂಡ್ಲು."

ಅವನು "ಅವಳಮ್ಮನ್ನ ಕೇಳೋಣ," ಎಂದ. ಅವನ ಮಾತಿಗೆ ನಾನು ಎದುರಾಡದೆ ಒಪ್ಪಿದ್ದು ಬಹುಶಃ ಅದೇ ಮೊದಲು.

ಮರುದಿನ ಮಧ್ಯಾಹ್ನ ಟೆಕ್ ಪಾರ್ಕಿನ ಹಿಂದಿನ ಗೇಟಿನಲ್ಲಿ ಕಾದೆ. ಟೀ ವಿರಾಮಕ್ಕೆ ನೀಲಿ ಸಮವಸ್ತ್ರದ ಹೆಂಗಸರು ಹೊರಬಂದರು. ಹುಡುಗಿಯ ತಾಯಿ ನನ್ನನ್ನು ಕಂಡ ಕೂಡಲೇ ಲೋಟ ಕೆಳಗಿಟ್ಟು, "ಏನಾತ್ರಿ ಅಕ್ಕಾರ, ಮಗಳಿಗೆ ಏನಾರ ಆತೇನ್ರಿ?" ಎಂದು ಎದ್ದೇಬಿಟ್ಟರು. ಏನೂ ಆಗಿಲ್ಲವೆಂದು ಹೇಳಿ, ಚಾಪೆಯ ಕಥೆ ಹೇಳಿದೆ. ಮೆಸ್ಸು, ಸಿಲಿಂಡರು, ಹೊಗೆ, ಒಬ್ಬರೇ ಟೀಚರು: ಎಲ್ಲವನ್ನೂ ಅನುಕ್ರಮವಾಗಿ ಇಟ್ಟೆ. ಅವರು ತಡೆಯದೆ ಕೇಳಿದರು.

"ಈ ಊರಿಗೆ ಹೊಸದಾಗಿ ಬಂದಾಗ್ರಿ," ಎಂದರು ಆಮೇಲೆ, "ಬಸ್ ಸ್ಟ್ಯಾಂಡಿನ್ಯಾಗ ನಾ ಗಂಟು ಇಳಸೂದ್ರಾಗ ಈಕಿ ನನ್ನ ಹುಡುಕ್ಕೋಂತ ಹೋಗಿಬಿಟ್ಟಿದ್ಳು. ನಾ ಈಕಿನ್ನ ಹುಡುಕ್ಕೋಂತ ಹೋದೆ. ಇಬ್ರೂ ತಿರುಗಿದ್ರ ಎಲ್ಲಿ ಸಿಗೂದ್ರಿ? ಹೊತ್ತು ಮುಣಗೂತನಕ ಅಳಕೋಂತ ತಿರುಗೀನಿ. ಅವತ್ತ ಹೇಳೀನಿ, ನೀ ಅಲ್ಲಾಡಬ್ಯಾಡ, ನಾ ಬರ್ತೀನಿ ಅಂತ. ಅಲ್ಲಿಂದ ಒಂದಿನಾನೂ ತಪ್ಪಿಲ್ರಿ ನಾ."

"ಆದ್ರೆ ಅಕ್ಕ, ಬೆಂಕಿ ಬಿದ್ರೆ ಮಾತ್ರ ಹೊರಗೆ ಓಡು ಅಂತ ನೀವೇ ಒಂದ್ಮಾತು ಹೇಳ್ಬಿಟ್ರೆ..."

"ನೀವು ಹೇಳೂದು ಖರೇ ಐತ್ರಿ. ಆದ್ರ ಇವತ್ತ ಅಲ್ಲಾಡಬ್ಯಾಡ ಅಂತೀನಿ, ನಾಳೆ ಓಡು ಅಂತೀನಿ. ಆಕಿ ಯಾವುದು ನಂಬಬೇಕ್ರಿ?" ಒಳಗಿನಿಂದ ಸೂಪರ್‌ವೈಸರ್ ಕರೆದ. ಅವರು ತಣ್ಣಗಾದ ಟೀಯನ್ನು ಒಂದೇ ಗುಟುಕಿಗೆ ಕುಡಿದರು. "ದಿನಾ ಪೂರ್ತಿ ನಾ ಇರಂಗಿಲ್ಲ. ನನ್ನ ಮಾತು ಒಂದ ಐತ್ರಿ ಆಕಿ ಕೈಯಾಗ. ಅದನ್ನ ಕಸೀಬ್ಯಾಡ್ರಿ."

ಸೋತೆ. ಒಂದೇ ವಾರದಲ್ಲಿ ತಾಯಿಗೂ ಮಗಳಿಗೂ.

ಮನೆಗೆ ಬಂದು ಜಗಲಿಯಲ್ಲಿ ಕೂತೆ. ಚಿಕ್ಕವಳಿದ್ದಾಗ ನಾನೂ ಅಲ್ಲೇ ಕೂತು ಫ್ಯಾಕ್ಟರಿ ಬಸ್ಸಿನ ದಾರಿ ನೋಡುತ್ತಿದ್ದವಳು. ಆಗ ತಿರುವಿನವರೆಗೂ ಬಯಲು. ಬಸ್ಸು ಇನ್ನೂ ದೂರವಿರುವಾಗಲೇ ಅದರ ಧೂಳು ಕಾಣುತ್ತಿತ್ತು. ಈಗ ಎದುರಿಗೆ ಪೇಯಿಂಗ್ ಗೆಸ್ಟ್ ಕಟ್ಟಡ, ಅದರ ಬಾಲ್ಕನಿಯ ತುಂಬ ಯಾರದೋ ಟವೆಲ್ಲುಗಳು. ಅಮ್ಮ ಹೊಲಿಗೆಯ ನೂಲಿನ ತುಣುಕುಗಳನ್ನು ಸೀರೆಯ ತುಂಬ ಅಂಟಿಸಿಕೊಂಡು ಇಳಿಯುತ್ತಿದ್ದಳು. ನಾನು ಅವನ್ನು ಒಂದೊಂದಾಗಿ ಕೀಳುತ್ತ, ಆ ದಿನ ಶಾಲೆಯಲ್ಲಿ ಯಾರನ್ನು ಮಾತಿನಲ್ಲಿ ಮಣಿಸಿದೆ ಎಂದು ಹೇಳುತ್ತಿದ್ದೆ. ಅವಳು "ಅದೆಂಗೆ?" ಎನ್ನುತ್ತಿದ್ದಳು.

ನನಗೆ ಆಗ ಯಾರಾದರೂ "ಜಗಲಿ ಬಿಟ್ಟು ಓಡು" ಎಂದಿದ್ದರೆ ಓಡುತ್ತಿದ್ದೆನೇ? ಓಡುತ್ತಿದ್ದೆ. ಬಸ್ಸು ಬರುವ ದಿಕ್ಕಿಗೆ.

ಚರ್ಚೆಯಲ್ಲಿ ನಾವು ಕಡೆಯಲ್ಲಿ ಕಲಿಯುವ ಒಂದು ಪಟ್ಟು ಇದೆ. ಎದುರಾಳಿಯ ಮಾತು ಒಡೆಯಲಾಗದಷ್ಟು ಗಟ್ಟಿಯಾಗಿದ್ದರೆ ಅದನ್ನು ಒಪ್ಪಿಕೊಂಡುಬಿಡು. ಒಪ್ಪಿಕೊಂಡು, ಅಲ್ಲಿಂದಲೇ ನಿನ್ನ ದಾರಿಗೆ ಬಾ. ಅವ್ವ ಬರುವ ಜಾಗದಲ್ಲೇ ಕಾಯಬೇಕು ಎನ್ನುತ್ತಾಳೆ ಹುಡುಗಿ. ಒಪ್ಪಿದೆ. ಹಾಗಾದರೆ ಅವ್ವ ಬರುವ ಜಾಗ ಮಹಡಿಯ ಮೇಲಿನ ಚಾಪೆಯೇ ಏಕಾಗಬೇಕು? ಮಗುವಿನ ನಂಬಿಕೆಯನ್ನು ಅಲ್ಲಾಡಿಸುವುದು ಬೇಡ. ಅವ್ವ ಬರುವ ಜಾಗವನ್ನೇ ಕೆಳಗಿಳಿಸೋಣ.

"ಇನ್ಮೇಲೆ ತಾಯಂದಿರು ಮಕ್ಕಳನ್ನ ಮೇಲೆ ಬಂದು ಬಿಡೋದೂ ಇಲ್ಲ, ಕರ್ಕೊಂಡ್ಹೋಗೋದೂ ಇಲ್ಲ," ಎಂದು ಟೀಚರಿಗೆ ಹೇಳಿದೆ. "ಎರಡೂ ಹುಣಸೆ ಮರದ ಕೆಳಗೆ."

"ಅದೆಲ್ಲಾದ್ರೂ ಉಂಟಾ? ಬಿಸಿಲು, ಮಳೆ. ಮರದ ಬುಡದ ತುಂಬ ಬೈಕುಗಳು."

"ಬೈಕು ಯಾರದು?"

"ಬಾಡಿಗೆಯೋರ್ದು. ನಿಲ್ಸೋಕೆ ಒಪ್ಪಿದ್ದು ನಮ್ ಮೈದ್ನ." ಸ್ವಲ್ಪ ಯೋಚಿಸಿದರು. "ಅವನಿಗೇಳ್ತೀನಿ ಬಿಡು. ಇಲ್ಲಾಂದ್ರೆ ಆ ಪೋಂ ಪೋಂ ತಗೊಂಡು ಅವನ ಕಿವೀಲಿ ಊದ್ತೀನಿ."

ಬೈಕುಗಳು ಆಚೆ ಹೋದವು. ಮಳೆಗೆಂದು ಕೊಂಬೆಗೆ ನೀಲಿ ಟಾರ್ಪಾಲ್ ಕಟ್ಟಿದೆವು. ತಾಯಂದಿರು ಗೊಣಗಿದರು, ಆದರೆ ಮಹಡಿ ಹತ್ತುವುದು ತಪ್ಪಿತಲ್ಲ ಎಂದು ಬೇಗ ಒಪ್ಪಿದರು. ಕೆಂಪು ಕ್ಲಿಪ್ಪಿನವಳ ತಾಯಿಗೆ ಗೇಟಿನಲ್ಲಿ ಮತ್ತೆ ಸಿಕ್ಕು, ಅವರ ಮಾತನ್ನು ಬದಲಾಯಿಸುವುದು ಬೇಡ, ಹೇಳುವ ಜಾಗವನ್ನಷ್ಟೇ ಬದಲಾಯಿಸಿ ಎಂದೆ. ಅವರು "ಹಂಗಾದ್ರ ಆಗ್ತೈತ್ರಿ," ಎಂದರು.

ಆಗಲಿಲ್ಲ, ಕೂಡಲೇ. ಮೊದಲ ದಿನಗಳಲ್ಲಿ ಹುಡುಗಿ ಮರದ ಬುಡದಲ್ಲಿ ತನ್ನನ್ನು ಬಿಟ್ಟುಹೋದ ಅವ್ವನನ್ನೂ ಮೇಲಿನ ಚಾಪೆಯನ್ನೂ ಹೊಂದಿಸಲಾಗದೆ ಮೆಟ್ಟಿಲ ಮಧ್ಯೆ ಕೂತು ಅತ್ತಳು. ಡ್ರಿಲ್ಲಿನಲ್ಲಿ ಬಾಗಿಲಿನವರೆಗೂ ಬಂದಳು, ಆದರೆ ಕುಣಿಕೆಗೆ ಕೈಹಾಕಲಿಲ್ಲ. ನೈಲಾನ್ ಹಗ್ಗ, ಚುಚ್ಚುತ್ತದೆ ಎಂದಳು. ಜೊತೆಗಾರ ಒಂದು ಉಪಾಯ ಹೇಳಿದ: ಒಂದೊಂದು ಕುಣಿಕೆಯನ್ನೂ ಆಯಾ ಮಗುವಿನ ಅಮ್ಮನ ಹಳೆಯ ಬಟ್ಟೆಯಲ್ಲೇ ಹೆಣೆಯೋಣ.

"ಇದು ಬರೀ ಸೆಂಟಿಮೆಂಟು," ಎಂದೆ. "ಕೆಲಸ ಮಾಡುತ್ತೆ ಅನ್ನೋದಕ್ಕೆ ಸಾಕ್ಷ್ಯ ಏನು?"

"ಮಾಡಿ ನೋಡಿದ್ರೆ ತಾನೆ ಗುರು ಸಾಕ್ಷ್ಯ ಹುಟ್ಟೋದು?"

ಪಾಲಿಯೆಸ್ಟರ್ ಜಾರುತ್ತದೆ, ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ, ಹತ್ತಿಯೇ ಆಗಬೇಕು ಎಂದು ಹಠ ಹಿಡಿದೆ. ದುಪಟ್ಟಾ, ಲಂಗದ ಅಂಚು, ಹಳೆಯ ಸೀರೆಯ ತುಂಡು ಬಂದವು. ಹುಡುಗಿಯ ತಾಯಿ ತಂದದ್ದು ಕೌದಿಯ ಒಂದು ಪಟ್ಟಿ, ಹಳೆಯ ಸೀರೆಗಳನ್ನು ಒಂದರ ಮೇಲೊಂದಿಟ್ಟು ಹೊಲಿದದ್ದು. ತಾಯಿ ಮಗಳು ಹೊದೆಯುವ ಕೌದಿಯದ್ದೇ ಅಂಚು. ಬೆಳಗಿನ ಬಿಸಿಲಿನಲ್ಲಿ ಮರದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಅವರೇ ಅದನ್ನು ಕುಣಿಕೆಯಾಗಿ ಹೊಲಿದು ಹಗ್ಗಕ್ಕೆ ಕಟ್ಟಿದರು. ಮಗಳ ಕೈಯನ್ನು ಅದರೊಳಗೆ ಹಾಕಿ ಹೇಳಿದರು: "ಪೋಂ ಪೋಂ ಅಂತಂದ್ರ ಇದನ್ನ ಹಿಡ್ಕೊಂಡು ಈ ಗಿಡದ ಬುಡಕ ಬಂದು ಕುಂದ್ರು. ನಾ ಇಲ್ಲಿಗೇ ಬರ್ತೀನಿ. ನಾ ಬರೂತನಕ ಅಲ್ಲಾಡಬ್ಯಾಡ."

ಆ ಕೇಂದ್ರದಲ್ಲಿ ನಮ್ಮ ಕೊನೆಯ ದಿನ ಮಕ್ಕಳಿಗೆ ಮುನ್ಸೂಚನೆ ಕೊಡಲಿಲ್ಲ. ಊಟ ಮುಗಿದು, ಕೆಲವು ಆಗಲೇ ತೂಕಡಿಸುತ್ತಿದ್ದವು. ಜೊತೆಗಾರ ಹಾರನ್ ಒತ್ತಿದ. ಆಮೆಗಳು ಎದ್ದವು. ಒಂದು ಅತ್ತಿತು, ಒಂದು ಚಪ್ಪಲಿ ಹುಡುಕಿತು. ನಾನು ಚಾಪೆಯನ್ನೇ ನೋಡುತ್ತಿದ್ದೆ. ಕೆಂಪು ಕ್ಲಿಪ್ಪು ನೆಲಮಟ್ಟಕ್ಕೆ ಇಳಿಯಿತು, ಬಾಗಿಲಿನತ್ತ ಹರಿಯಿತು. ಹುಡುಗಿ ತನ್ನ ಕುಣಿಕೆಯನ್ನು ಹುಡುಕಿ ಹಿಡಿದು, ಗೋಡೆ ಸವರುತ್ತ ಮೆಟ್ಟಿಲಿಳಿದಳು. ಮರದ ಕೆಳಗೆ ಟೀಚರು ತಲೆ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ನನ್ನ ಕಡೆ ತಿರುಗಿ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಎಲ್ಲಾ ಅವೆ ಕಣವ್ವಾ," ಎಂದರು.

ಎಲ್ಲರೂ ಮೇಲೆ ಹೋದರು. ಹುಡುಗಿ ಹೋಗಲಿಲ್ಲ.

"ಆಟ ಮುಗೀತು ಪುಟ್ಟಿ, ಬಾ," ಎಂದ ಜೊತೆಗಾರ.

"ಅವ್ವ ಇಲ್ಲಿಗೇ ಬರ್ತೀನಿ ಅಂದಾಳ."

ಹೊರಡುವುದನ್ನು ಕಲಿಸಿದ್ದೆವು, ಮರಳುವುದನ್ನು ಕಲಿಸಿರಲಿಲ್ಲ. ಮುಂದಿನ ಕೇಂದ್ರಗಳಲ್ಲಿ ಅದನ್ನೂ ಪಾಠಕ್ಕೆ ಸೇರಿಸಿದೆವು: ತಾಯಂದಿರ ಬಾಯಲ್ಲೇ, "ಟೀಚರು ಕರೆದರೆ ನಾನೇ ಕರೆದಂತೆ" ಎಂದು ಮೊದಲೇ ಹೇಳಿಸುವುದು. ಆದರೆ ಆ ಮಧ್ಯಾಹ್ನಕ್ಕೆ ಅದು ಇರಲಿಲ್ಲ. ನಾನು ವಾದಕ್ಕೆಂದು ಬಾಯಿ ತೆರೆದೆ. ಮುಚ್ಚಿದೆ. ಹಗ್ಗದಿಂದ ಅವಳ ಕುಣಿಕೆಯನ್ನು ಬಿಚ್ಚಿ ಕೊಟ್ಟು, ಪಕ್ಕದಲ್ಲಿ ಕೂತೆ.

ಬಿಸಿಲು ಟಾರ್ಪಾಲಿನ ಒಂದು ಅಂಚಿನಿಂದ ಇನ್ನೊಂದಕ್ಕೆ ಸರಿಯಿತು. ಹುಣಸೆಯ ಸಣ್ಣ ಎಲೆಗಳು ಅವಳ ತಲೆಯ ಮೇಲೆ ಉದುರಿದವು, ತೆಗೆದೆ. ಮತ್ತೆ ಉದುರಿದವು.

"ನಿಮ್ಮವ್ವ ಯಾವಾಗ ಬರ್ತಾಳ?" ಎಂದು ಕೇಳಿದಳು.

ಎಷ್ಟೋ ವೇದಿಕೆಗಳ ಮೇಲೆ, ಗಡಿಯಾರ ನೋಡುತ್ತ, ಯಾವ ಪ್ರಶ್ನೆಗಾದರೂ ಮಾತು ಹೊಂದಿಸಿದ್ದೇನೆ. "ಗೊತ್ತಿಲ್ಲ ಪುಟ್ಟಿ," ಎಂದೆ.

"ಗೊತ್ತಿಲ್ಲಂದ್ರ ಜಲ್ದಿ ಬರಂಗಿಲ್ಲ," ಎಂದು ಅವಳು ತಲೆಯಾಡಿಸಿದಳು.

ಸಂಜೆ ಪಾರ್ಕಿನ ಹಿಂದಿನ ಗೇಟು ತೆರೆಯಿತು. ನೀಲಿ ಸಮವಸ್ತ್ರಗಳು ಗುಂಪಾಗಿ ಓಣಿಗೆ ತಿರುಗಿದವು. ಹುಡುಗಿ ಎದ್ದು ನಿಂತಳು. ನಾನೂ ಎದ್ದು ನಿಂತಿದ್ದೆ. ಬರುತ್ತಿದ್ದ ಒಂದೊಂದು ಮುಖವನ್ನೂ, ನಡೆಯನ್ನೂ, ಕೈಚೀಲವನ್ನೂ ನೋಡುತ್ತಿದ್ದೆ. ಯಾರನ್ನು ಹುಡುಕುತ್ತಿದ್ದೇನೆಂದು ಗೊತ್ತಾಗುವ ಮೊದಲೇ ಅವಳ ತಾಯಿ ಗುಂಪಿನಿಂದ ಹೊರಗೆ ಓಡಿಬಂದರು. ಮಗಳು ಮರದ ಬುಡದಲ್ಲಿ, ಹೇಳಿದ ಜಾಗದಲ್ಲೇ ಇದ್ದುದನ್ನು ಕಂಡು, ಏನಾಯಿತೆಂದು ನನ್ನನ್ನು ಕೇಳಲೂ ಇಲ್ಲ. ಅವಳನ್ನು ಎತ್ತಿ, ಕತ್ತಿನ ಸಂದಿಯಲ್ಲಿ ಮುಖವಿಟ್ಟರು.

ಕಾಂಪೌಂಡಿನ ಬಾಗಿಲವರೆಗೂ ಹೋದ ಮೇಲೆ ಹುಡುಗಿ ಕಾಲು ಒದೆದು ಕೆಳಗಿಳಿದಳು. ಓಡಿ ವಾಪಸ್ ಬಂದು ಕೌದಿಯ ಕುಣಿಕೆಯನ್ನು ನನ್ನ ಕೈಗೆ ಹಾಕಿದಳು.

"ಬಿಡಬ್ಯಾಡ," ಎಂದಳು. "ಬರೂತನಕ ಇಲ್ಲೇ ಕುಂದ್ರು."

ಅವರು ಹೋದರು. ಜೊತೆಗಾರ ಹಾರನ್ನನ್ನು ಚೀಲಕ್ಕೆ ಹಾಕಿ, ಮೆಟ್ಟಿಲಿನಿಂದಲೇ ಕೂಗಿದ: "ಗುರು, ಟೀಚರು ಗೇಟ್ ಹಾಕ್ತಾರಂತೆ. ನಡಿ, ಬಸ್ ಬರುತ್ತೆ."

"ಇನ್ನೊಂದ್ ಸ್ವಲ್ಪ ಹೊತ್ತು," ಎಂದು ಮರದ ಬುಡದಲ್ಲಿ ಕೂತೆ.